ನಮ್ಮದು ಚಿನ್ನ ರೈಲು

ಇವತ್ತು ಮೊಬೈಲಿನಲ್ಲಿ ಯಾರೋ ಊರೂರಿನ ಮೆಟ್ರೊಗಳನ್ನು ತೂಗಿ ಬರೆದಿದ್ದರು. ಯಾವುದು ಹಳೆಯದು, ಯಾವುದು ದೊಡ್ಡದು, ಯಾವುದರಲ್ಲಿ ಜನ ಜಾಸ್ತಿ ಅಂತ. ಕೆಳಗೆ ಕಾಮೆಂಟುಗಳಲ್ಲಿ ಭರ್ತಿ ಜಗಳ. ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಇಂಥದೇ ಜಗಳದಲ್ಲಿ ನಮ್ಮ ಅಕ್ಕನ ಮದುವೆಯ ಮಾತು ಮುರಿದಿತ್ತು.

ಅರವತ್ತರ ದಶಕದ ಮದ್ರಾಸು. ಅಪ್ಪನಿಗೆ ಪ್ಯಾರೀಸ್ ಕಾರ್ನರಿನ ಹೋಟೆಲೊಂದರಲ್ಲಿ ಗಲ್ಲಾ ಕೆಲಸ, ಮನೆ ಪಲ್ಲಾವರಂನಲ್ಲಿ. ದಿನಾ ಎಲೆಕ್ಟ್ರಿಕ್ ರೈಲಿನಲ್ಲಿ ನೇತಾಡಿಕೊಂಡು ಹೋಗುವುದು, ಬಂದು ಅದನ್ನೇ ಹೊಗಳುವುದು. ಅಕ್ಕನನ್ನು ಆಗಲೇ ಇಬ್ಬರು ನೋಡಿ ಬೇಡ ಅಂದಿದ್ದರು. ಮೂರನೆಯವನು ಬೊಂಬಾಯಿಯ ಬ್ಯಾಂಕಿನವನು, ಮೂಲ ನಮ್ಮ ಉಡುಪಿ ಕಡೆಯವರೇ. ಕಾಫಿ ತಗೊಳ್ಳುವಾಗ ಹುಡುಗ ಮೆಲ್ಲಗೆ ನಕ್ಕ. ಅಕ್ಕನೂ ನಕ್ಕಳು. ಹಿಂದಿನ ಇಬ್ಬರ ಮುಂದೆ ಅವಳು ತಲೆಯೇ ಎತ್ತಿರಲಿಲ್ಲ.

ಆದರೆ ಹುಡುಗನ ಅಪ್ಪ ಪಲ್ಲಾವರಂನಲ್ಲಿ ರೈಲಿನಿಂದ ಇಳಿದಾಗಿನಿಂದ ಒಂದೇ ರಾಗ.

"ಎಂಥ ಮಾರಾಯ್ರೆ, ಇದು ರೈಲಾ, ಮಕ್ಕಳ ಆಟದ್ದಾ? ನಮ್ಮಲ್ಲಿ ಒಂದು ಡಬ್ಬಿಗೆ ಹತ್ತುವ ಜನ ನಿಮ್ಮ ಇಡೀ ಗಾಡಿಯಲ್ಲಿ ಇಲ್ಲ."

"ಜನ ತುಂಬಿದ್ರೆ ದೊಡ್ಡಸ್ತಿಕೆಯಾ? ಕುರಿದೊಡ್ಡಿಯೂ ತುಂಬಿರ್ತದೆ," ಅಂದರು ಅಪ್ಪ.

"ಕರೆಂಟಿನ ರೈಲು ಮೊದಲು ಬಂದದ್ದು ನಮ್ಮಲ್ಲಿ. ಟ್ರಾಮೂ ಉಂಟು. ನಿಮ್ಮ ಟ್ರಾಮ್ ಎಲ್ಲಿ?"

ನಮ್ಮ ಟ್ರಾಮ್ ನಿಂತು ವರ್ಷಗಳಾಗಿತ್ತು. ಅಪ್ಪನ ಮುಖ ಕೆಂಪಾಯಿತು. ಅವರು ಲಂಡನ್ನಿನ ನೆಲದಡಿಯ ರೈಲನ್ನು ಎಳೆದು ತಂದರು, ಅದರ ಮುಂದೆ ಬೊಂಬಾಯಿ ನಿನ್ನೆಯ ಕೂಸು ಅಂತ. ಇಬ್ಬರೂ ಲಂಡನ್ ಕಂಡವರಲ್ಲ.

ಕೊನೆಗೆ ಹುಡುಗನ ಅಪ್ಪ ಅಕ್ಕನ ಕಡೆ ತಿರುಗಿದರು. "ನೀನೇ ಹೇಳಮ್ಮ. ಯಾರ ರೈಲು ಮೇಲು?"

ಸೋತು ಕೊಡೋಣ ಅಂತಲೇ ಅವಳು ಬಾಯಿ ತೆರೆದದ್ದು. "ನಮ್ದು ಚಿನ್ನ ರೈಲು ಮಾವ. ನಿಮ್ದೇ ದೊಡ್ಡದು."

ತಮಿಳು ಶಾಲೆಯಲ್ಲಿ ಓದಿದ ಹುಡುಗಿ. ತಮಿಳಿನಲ್ಲಿ ಚಿನ್ನ ಅಂದರೆ ಚಿಕ್ಕದು. ಬೊಂಬಾಯಿಯವರಿಗೆ ಕೇಳಿಸಿದ್ದು ಬಂಗಾರ.

"ಓಹೋ! ನಿಮ್ಮದು ಚಿನ್ನದ್ದು, ನಮ್ಮದು ಬರೀ ತಗಡಾ?"

ಅಪ್ಪನಿಗೆ ಅರ್ಥವಾಗಿತ್ತು. ಒಂದು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಗೆದ್ದ ಖುಷಿಯಲ್ಲಿ ತೊಡೆ ತಟ್ಟಿದರು. "ಹೇಗೆ ಹೇಳಿದ್ಲು ನೋಡಿ ನನ್ನ ಮಗಳು!"

ಅಮ್ಮ ಅಡುಗೆಮನೆಯಿಂದ ಓಡಿ ಬಂದರು. "ಅಯ್ಯೋ, ಇಲ್ಲಿ ಚಿನ್ನ ಅಂದ್ರೆ ಸಣ್ಣದು ಅಂತ..."

"ಹಾಗಾದ್ರೆ ಹುಡುಗಿಗೆ ಕನ್ನಡವೇ ಬರೋದಿಲ್ವಾ?"

ಹುಡುಗ ಲೋಟ ಕೆಳಗಿಟ್ಟು ನೆಲ ನೋಡಿದ. ಸಂಬಂಧ ತಂದವರ ಮೂಲಕ ವಾರದಲ್ಲೇ ಮಾತು ಬಂತು: ಬಾಯಿ ಜಾಸ್ತಿ, ಭಾಷೆ ಕಡಿಮೆ.

ಅಪ್ಪ ಆಮೇಲೂ ಅದೇ ರೈಲಿನಲ್ಲಿ ಹೋಗಿ ಬಂದರು. ಮನೆಯಲ್ಲಿ ಅದರ ಸುದ್ದಿ ಮಾತ್ರ ಎತ್ತಲಿಲ್ಲ. ಅಕ್ಕ ನೋಡಲು ಬಂದವರ ಮುಂದೆ ಮತ್ತೆ ಬಾಯಿ ಬಿಡಲಿಲ್ಲ. ಹೌದಿಗೂ ಇಲ್ಲಕ್ಕೂ ಬರೀ ತಲೆ ಆಡಿಸಿದಳು. ನಾಲ್ಕನೆಯವರು ಹೊರಡುವಾಗ ಅಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದರು:

"ಮುಚ್ಚಿಡಬೇಡಿ ಅಮ್ಮ. ಹುಡುಗಿ ಮೂಗಿಯಾ?"