ಇನ್ನೇನು ಬಂದೇಬಿಡ್ತು

ನಮ್ಮಕ್ಕ ಪಿಲ್‌ಸುನ್ ಮಹಾ ಸುಳ್ಳಿ. ಒಡಹುಟ್ಟಿದವಳಾಗಿ ನಾನು ಹೇಳಬಹುದು. ಬೇರೆ ಯಾರಾದರೂ ಹೇಳಿದರೆ ತೋಳೇರಿಸಿ ಜಗಳಕ್ಕೆ ನಿಲ್ಲುತ್ತೇನೆ. ನಮ್ಮ ಕೊರಿಯಾದ ಡೇಗು ಊರಿನ ಪೇಟೆಯಲ್ಲಿ ಅವಳದೊಂದು ಅಂಗಡಿ. ಖಾರ ಹಚ್ಚಿ ಹುಳಿ ಬರಿಸಿದ ಕೋಸಿನ ಕಿಮ್ಚಿ, ಉಪ್ಪು ಹಾಕಿದ ಮೂಲಂಗಿ, ಎಳ್ಳೆಣ್ಣೆ ಹಚ್ಚಿದ ಸೊಪ್ಪಿನ ಪಲ್ಯ ಮಾರುತ್ತಾಳೆ. ಇಷ್ಟು ವರ್ಷದಲ್ಲಿ ತೂಕದಲ್ಲಿ ಯಾರಿಗೂ ಮೋಸ ಮಾಡಿದವಳಲ್ಲ. ಅವಳ ಸುಳ್ಳೆಲ್ಲ ಸೋಮವಾರಕ್ಕೆ ಮೀಸಲು.

ಸೋಮವಾರ ಅವಳ ಅಂಗಡಿಗೆ ರಜೆ. ಅವತ್ತು ಕೆಂಪು ಟೋಪಿ, ಮುಖದ ಅರ್ಧ ನುಂಗುವಂಥ ಕಪ್ಪು ಕನ್ನಡಕ ಹಾಕಿಕೊಂಡು, ಬ್ಯಾಗಿನಲ್ಲಿ ಸೌತೆಕಾಯಿ, ಕಿಂಬಾಪ್ ಎಂಬ ಅನ್ನದ ಸುರುಳಿ, ಒಂದು ಬಾಟಲಿ ಅಕ್ಕಿ ಹೆಂಡ ತುರುಕಿಕೊಂಡು ಗಾಟ್‌ಬಾವಿ ಬೆಟ್ಟದ ಬಸ್ಸು ಹತ್ತುತ್ತಾಳೆ. ಜೊತೆಗೆ ನಾನು, ನನ್ನ ಮಂಡಿನೋವು. ಬಸ್ಸು ಕೊನೆಯ ಸ್ಟಾಪಿನಲ್ಲಿ ಇಳಿಸಿದ ಮೇಲೆ ಏರುವುದೊಂದೇ ಕೆಲಸ. ತುದಿಯಲ್ಲಿ ಚಪ್ಪಟೆ ಬಂಡೆಯೊಂದನ್ನು ಟೋಪಿಯ ಹಾಗೆ ತಲೆಯ ಮೇಲೆ ಹೊತ್ತ ಕಲ್ಲಿನ ಬುದ್ಧ ಕೂತಿದ್ದಾನೆ. ಒಬ್ಬೊಬ್ಬರಿಗೆ ಒಂದೇ ಒಂದು ಬೇಡಿಕೆ ನಡೆಸಿಕೊಡುತ್ತಾನೆ, ಎರಡನೆಯದಕ್ಕೆ ಕಿವಿಗೊಡುವುದಿಲ್ಲ. ಹಾಗಾಗಿ ಊರಿನ ಅರ್ಧ ಜನ ಏದುಸಿರು ಬಿಡುತ್ತಾ ಆ ಮೆಟ್ಟಿಲುಗಳ ಮೇಲೇ ಇರುತ್ತಾರೆ.

ಹತ್ತುವವರು ಇಳಿಯುವವರನ್ನು ಕಂಡರೆ ಕೇಳುವುದು ಒಂದೇ: ‘ಇನ್ನೆಷ್ಟು ದೂರ?’ ಇಳಿಯುವವರು ಹೇಳುವುದೂ ಒಂದೇ: ‘ಇನ್ನೇನು ಬಂದೇಬಿಡ್ತು.’ ಇದು ನಮ್ಮ ಬೆಟ್ಟಗಳ ಮರ್ಯಾದೆ. ಎಲ್ಲರೂ ಹೇಳುತ್ತಾರೆ, ಯಾರೂ ಪೂರ್ತಿ ನಂಬುವುದಿಲ್ಲ. ಅಕ್ಕ ಹೇಳಿದರೆ ಮಾತ್ರ ನಂಬಿಬಿಡುತ್ತಾರೆ. ಟೋಪಿ ಹೊತ್ತ ಬುದ್ಧನ ದಾರಿಯಲ್ಲಿ ನಿಂತು ಜನರಿಗೆ ಟೋಪಿ ಹಾಕುವ ಕಲೆ ಅವಳಿಗೆ ಒಲಿದಿದೆ.

‘ಆ ವಾಲಿದ ಪೈನ್ ಮರ ಕಾಣಿಸ್ತಿದ್ಯಲ್ಲ, ಅದರ ಹಿಂದೆ ಒಂದೇ ಒಂದು ತಿರುವು. ಅಷ್ಟೇ! ಗಂಟೆ ಸದ್ದು ಕೇಳಿಸ್ತಿಲ್ವಾ?’ ಎಂದು ಕಿವಿಯ ಹಿಂದೆ ಕೈ ಇಡುತ್ತಾಳೆ. ಆ ಪಾಪದವರೂ ಕಿವಿ ನಿಮಿರಿಸಿ, ‘ಹೌದು, ಕೇಳಿಸ್ತಿದೆ!’ ಎನ್ನುತ್ತಾರೆ. ಏನು ಕೇಳಿಸಿತೋ, ಅವರವರ ಎದೆಬಡಿತವೇ ಇರಬೇಕು.

ನಾವು ಬೆಟ್ಟದ ಬುಡದಲ್ಲಿ ಈರುಳ್ಳಿ ಸೊಪ್ಪಿನ ದೋಸೆ ತಿಂದು, ಹೆಂಡ ಮುಗಿಸಿ ಬಸ್ಸಿನಲ್ಲಿ ಕೂರುವ ಹೊತ್ತಿಗೆ ಆ ಜನವೂ ಇಳಿದು ಬಂದು ಅದೇ ಬಸ್ಸು ಹತ್ತುತ್ತಾರೆ. ಅಕ್ಕನನ್ನು ಹಸಿಯಾಗಿ ನುಂಗುವಂತೆ ನೋಡುತ್ತಾರೆ. ಅವಳು ಸೌತೆಕಾಯಿ ಮುರಿದು ಕೈಗಿಡುತ್ತಾಳೆ.

‘ಹತ್ತಿದ್ರೋ ಇಲ್ವೋ?’

‘ಹತ್ತಿದ್ವಿ.’

‘ಮತ್ತಿನ್ನೇನು? ತಿನ್ನಿ.’

ಅಲ್ಲಿಗೆ ವ್ಯಾಜ್ಯ ಮುಗಿಯಿತು. ಮುಂದಿನ ಸ್ಟಾಪು ಬರುವಷ್ಟರಲ್ಲಿ ಅವರೂ ನಗುತ್ತಿರುತ್ತಾರೆ.

ಈ ಚಾಳಿ ಸುಮ್ಮನೆ ಅಂಟಿದ್ದಲ್ಲ. ಭಾವ ಇದ್ದಾಗ ಗಂಡ ಹೆಂಡತಿ ಇಬ್ಬರೂ ಒಮ್ಮೆ ಈ ಬೆಟ್ಟ ಹತ್ತಲು ಹೋಗಿದ್ದರು. ಅರ್ಧ ದಾರಿಯಲ್ಲಿ ಯಾವನೋ ಸತ್ಯಸಂಧ ಎದುರಾಗಿ, ‘ಇನ್ನೂ ಬಹಳ ಇದೆ, ಈಗ ಹತ್ತಿದ್ದು ಸುಲಭದ್ದು’ ಎಂದ. ಭಾವ ‘ಮುಂದಿನ ಸಲ ಬರೋಣ ಕಣೇ’ ಎಂದು ಇಳಿಸಿಕೊಂಡು ಬಂದರು. ಆ ಚಳಿಗಾಲದಲ್ಲೇ ತೀರಿಕೊಂಡರು. ಮಗಳು ಯೊನ್‌ಜು ಆಗಿನ್ನೂ ಬೆನ್ನ ಮೇಲಿನ ಕೂಸು. ‘ಆ ಪುಣ್ಯಾತ್ಮ ಒಂದು ಸುಳ್ಳು ಹೇಳಿದ್ರೆ ನಾವಿಬ್ರೂ ಒಟ್ಟಿಗೆ ಮೇಲೆ ನಿಂತಿರ್ತಿದ್ವಿ’ ಎಂದು ಅಕ್ಕ ಒಂದು ಸಲ, ಒಂದೇ ಸಲ, ನನ್ನ ಹತ್ತಿರ ಹೇಳಿದ್ದಳು. ಆಮೇಲೆ ಅವಳ ಸುಳ್ಳಿಗೆ ನಾನು ಅಡ್ಡ ಬಂದಿಲ್ಲ.

ಈ ವರ್ಷ ಆ ಯೊನ್‌ಜುಗೆ ಗಂಡು ಗೊತ್ತಾಯಿತು. ಗೊತ್ತು ಮಾಡಿಕೊಂಡವಳು ಅವಳೇ. ಹುಡುಗ ಅಪ್ಪಟ ಚಿನ್ನ. ಅವನ ತಾಯಿ, ಔಷಧಿ ಅಂಗಡಿಯ ನಾಮ್‌ಗುಂಗ್ ಅವರದೇ ತೊಡಕು. ‘ಅಪ್ಪ ಇಲ್ಲ, ಅಮ್ಮ ಪೇಟೇಲಿ ಕಿಮ್ಚಿ ಮಾರ್ತಾಳೆ, ಇದೆಂಥ ಸಂಬಂಧ’ ಎಂದು ಮುಖ ಗಂಟು ಹಾಕಿಕೊಂಡು ಕೂತಿದ್ದರಂತೆ. ನಾವು ಅವರ ಮುಖ ಕಂಡವರಲ್ಲ, ಅವರು ನಮ್ಮದು ಕಂಡವರಲ್ಲ. ಕೊನೆಗೆ ಮಗನ ಕಾಟ ತಾಳಲಾರದೆ, ಎರಡೂ ಮನೆಯವರು ಎದುರುಬದುರು ಕೂತು ಉಣ್ಣುವ ಶಾಸ್ತ್ರಕ್ಕೆ ಮಾತ್ರ ಒಪ್ಪಿದರು. ಆ ಊಟದಲ್ಲಿ ಅವರು ಹೂಂ ಎಂದರೆ ಮದುವೆ, ಇಲ್ಲದಿದ್ದರೆ ಇಲ್ಲ.

‘ಅಮ್ಮಾ, ಅವತ್ತೊಂದು ದಿನ ಬಾಯಿ ಹಿಡಿದಿಟ್ಕೋ’ ಎಂದು ಯೊನ್‌ಜು ಅಂಗಲಾಚಿದಳು. ‘ನಾನೇನೇ ಮಾತಾಡ್ತೀನಿ? ಮೂಗಿ ಥರ ಇರ್ತೀನಿ’ ಎಂದಳು ಅಕ್ಕ. ಅದೂ ಸುಳ್ಳು.

ಊಟಕ್ಕೆ ಮುಂಚಿನ ಸೋಮವಾರ ನಾವು ಬೆಟ್ಟ ಇಳಿಯುತ್ತಿದ್ದೆವು. ನಡುದಾರಿಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಸಿದು ಕೂತಿದ್ದರು. ಬಿಸಿಲಿಗೆ ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಮುಸುಕು. ಬೂಟು ಹೊಸದು, ಊರುಗೋಲಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

‘ನನ್ನ ಕೈಲಾಗಲ್ಲ. ವಾಪಸ್ ಹೋಗ್ತೀನಿ’ ಎಂದರು, ಯಾರಿಗೆಂದಿಲ್ಲದೆ.

ಅಕ್ಕನಿಗೆ ಅಷ್ಟು ಸಾಕಾಯಿತು. ‘ಅಯ್ಯೋ, ಇಲ್ಲೀವರೆಗೂ ಬಂದು? ಏನು ಬೇಡ್ಕೊಳ್ಳೋಕೆ ಹೊರಟಿದ್ರಿ?’

‘ಮಗನ ವಿಷಯ.’

‘ಮಗನ ವಿಷಯ ಅಂತೀರಾ, ಕೂತಿದ್ದೀರಾ! ಏಳಿ ಏಳಿ. ಇನ್ನೇನು ಬಂದೇಬಿಡ್ತು ಕಣ್ರೀ! ಆ ಪೈನ್ ಮರದ ಹಿಂದೆ ಒಂದು ತಿರುವು, ಅಷ್ಟೇ.’

‘ನಿಜವಾಗ್ಲೂ?’

‘ನಾನ್ಯಾಕೆ ಸುಳ್ಳು ಹೇಳ್ಲಿ? ನಿಮ್ಮಿಂದ ನನಗೇನಾಗ್ಬೇಕು?’

ಅವರು ಎದ್ದರು. ಪೈನ್ ಮರದ ಹಿಂದೆ ಕಡಿದಾದ ಮೆಟ್ಟಿಲು ಮುಗಿಲು ಮುಟ್ಟುವಷ್ಟಿದೆ ಎಂದು ಗೊತ್ತಿದ್ದ ನಾನು ಕಾಲಬೆರಳು ನೋಡುತ್ತಾ ಇಳಿದೆ. ಅವತ್ತು ಆಕೆ ನಮ್ಮ ಬಸ್ಸಿಗೆ ಬರಲಿಲ್ಲ. ಸೌತೆಕಾಯಿ ಉಳಿಯಿತು.

ಊಟದ ದಿನ ಬಂತು. ಹೋಟೆಲು ಮೇಲಿನ ಮಹಡಿಯಲ್ಲಿ. ನಮ್ಮ ಅದೃಷ್ಟಕ್ಕೆ ಅವತ್ತೇ ಲಿಫ್ಟು ಕೆಟ್ಟಿತ್ತು. ನಾವು ಮೊದಲೇ ಹೋಗಿ ಮೆಟ್ಟಿಲ ತಲೆಯಲ್ಲಿ ಕಾಯುತ್ತಾ ನಿಂತೆವು. ಅಕ್ಕ ಕೂದಲು ಗುಂಗುರು ಮಾಡಿಸಿಕೊಂಡು, ಬಾಡಿಗೆಯ ಮುತ್ತಿನ ಸರ ಹಾಕಿಕೊಂಡು ಗುರುತೇ ಸಿಗದಂತಿದ್ದಳು. ಕೆಳಗಿನಿಂದ ಹೆಜ್ಜೆ ಸದ್ದು ಬಂತು, ಏದುಸಿರು ಬಂತು, ಹೆಂಗಸಿನ ದನಿ ಬಂತು: ‘ಇನ್ನೆಷ್ಟು ಇದೆಯಪ್ಪಾ?’

ಕೇಳಿದ್ದು ಮಗನನ್ನು. ಉತ್ತರ ಕೊಟ್ಟವಳು ಅಕ್ಕ. ಕಂಬಿಯ ಮೇಲೆ ಬಗ್ಗಿ, ‘ಬನ್ನಿ ಬನ್ನಿ, ಇನ್ನೇನು ಬಂದೇಬಿಡ್ತು!’

ಕೆಳಗೆ ಹೆಜ್ಜೆ ನಿಂತಿತು. ಆಮೇಲೆ ಒಂದೊಂದೇ, ನಿಧಾನವಾಗಿ, ಮೇಲೆ ಬಂತು. ನಾಮ್‌ಗುಂಗ್ ಅವರು ಕೊನೆಯ ಮೆಟ್ಟಿಲಲ್ಲಿ ನಿಂತು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

‘ಕೆಂಪು ಟೋಪಿ ಎಲ್ಲಿ?’ ಎಂದರು.

ನನಗೆ ಅಲ್ಲೇ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಒಳಗೆ ಹೋಗಿ ಕೂತೆವು. ಮೇಜಿನ ಮೇಲೆ ಹುರಿದ ಮೀನು, ಸಾರು, ಇಪ್ಪತ್ತೆಂಟು ಬಗೆ ಪಲ್ಯ. ಒಬ್ಬರೂ ಊಟದ ಕಡ್ಡಿ ಮುಟ್ಟಲಿಲ್ಲ. ಯೊನ್‌ಜು ಮುಖ ಸುಣ್ಣದಂತಾಗಿತ್ತು. ಕೊನೆಗೆ ಅಕ್ಕನೇ ತಲೆ ಬಗ್ಗಿಸಿ ಮಾತಾಡಿದಳು.

‘ತಪ್ಪಾಯ್ತು. ಇದು ನನ್ನ ಹಾಳು ನಾಲಿಗೆ. ಹುಡುಗಿ ಹಾಗಲ್ಲ, ಅವಳು ಅಪ್ಪನ ಥರ. ಸುಳ್ಳು ಹೇಳೋಕೇ ಬರಲ್ಲ ಅವಳಿಗೆ. ನನ್ನ ಮೇಲಿನ ಸಿಟ್ಟನ್ನ ಅವಳ ಮೇಲೆ ತೀರಿಸ್ಬೇಡಿ.’

ಅಕ್ಕನ ದನಿ ನಡುಗಿದ್ದನ್ನು ನಾನು ಭಾವನ ಮಣ್ಣಿನ ನಂತರ ಕೇಳಿದ್ದು ಅವತ್ತೇ.

ನಾಮ್‌ಗುಂಗ್ ಅವರು ನೀರು ಕುಡಿದು ಲೋಟ ಇಟ್ಟರು. ‘ಅವತ್ತು ನಾನು ಯಾಕೆ ಹತ್ತಿದ್ದೆ ಗೊತ್ತಾ? ಈ ಸಂಬಂಧ ಮುರಿದುಬೀಳ್ಲಿ ಅಂತ ಬೇಡ್ಕೊಳ್ಳೋಕೆ.’

‘ಅಮ್ಮಾ!’ ಎಂದ ಮಗ.

‘ನೀನು ಸುಮ್ನಿರು. ಆ ಪೈನ್ ಮರದ ಹಿಂದೆ ಇನ್ನೊಂದು ಪೈನ್ ಮರ ಇತ್ತು ಕಣ್ರೀ. ಅದರ ಹಿಂದೆ ಮತ್ತೊಂದು. ತುದಿ ಮುಟ್ಟೋವರೆಗೂ ನಿಮಗೆ ಶಾಪ ಹಾಕಿದ್ದೇ ಹಾಕಿದ್ದು. ಬುದ್ಧನ ಮುಂದೆ ಅಡ್ಡಬಿದ್ದಾಗ ಮಗ ನೆನಪಾಗ್ಲಿಲ್ಲ, ಮದುವೆ ನೆನಪಾಗ್ಲಿಲ್ಲ. ಬಾಯಿಗೆ ಬಂದಿದ್ದು ಒಂದೇ. ಆ ಕೆಂಪು ಟೋಪಿಯವಳನ್ನ ಒಂದ್ಸಲ ನನ್ನೆದುರಿಗೆ ತಂದು ಕೂರಿಸಪ್ಪಾ ಅಂದೆ.’

ಎದುರಿಗೇ ಕೂತಿದ್ದ ಅಕ್ಕ ಬಾಡಿಗೆಯ ಸರವನ್ನು ನೆಟ್ಟಗೆ ಮಾಡಿಕೊಂಡಳು.

‘ಕೂರಿಸಿದ್ದಾನೆ’ ಎಂದರು ನಾಮ್‌ಗುಂಗ್. ‘ಇದ್ದಿದ್ದೊಂದು ಬೇಡಿಕೆ, ಹೀಗೆ ಕಳ್ಕೊಂಡೆ. ಅವನೇ ಕರ್ಕೊಂಡು ಬಂದು ಕೂರಿಸಿದ ಬೀಗತಿನ ಎಬ್ಬಿಸಿ ಕಳಿಸಿದ್ರೆ ನನಗೆ ಒಳ್ಳೇದಾಗುತ್ತಾ?’

ಹಾಗೆಂದು ಮೀನಿನ ದಪ್ಪನೆಯ ತುಂಡೊಂದನ್ನು ಮುಳ್ಳು ಬಿಡಿಸಿ ಯೊನ್‌ಜು ಅನ್ನದ ಮೇಲಿಟ್ಟರು. ‘ತಿನ್ನಮ್ಮ, ಆರಿಹೋಗ್ತಿದೆ.’

ನಾನು ಗೊಳೋ ಎಂದು ಅತ್ತುಬಿಟ್ಟೆ. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು, ಆದರೆ ಅವಳ ಮೂಗೂ ಕೆಂಪಾಗಿತ್ತು.

ಊಟ ಮುಗಿಸಿ ಬೀದಿಗಿಳಿದೆವು. ಬೀಗತಿ ಮಂಡಿ ಹಿಡಿದುಕೊಂಡು ಕೇಳಿದರು, ‘ಬಸ್ ಸ್ಟಾಪ್ ಎಷ್ಟು ದೂರ?’

ಸ್ಟಾಪು ನಿಜಕ್ಕೂ ಪಕ್ಕದ ಬೇಕರಿಯ ಆಚೆಗೇ ಇತ್ತು.

‘ಇಲ್ಲೇ ಬೀಗತಿಯವರೇ, ಆ ಬೇಕರಿ ದಾಟಿದ್ರೆ ಬಂದೇಬಿಡ್ತು’ ಎಂದಳು ಅಕ್ಕ.

ಬೀಗತಿ ಮಗನ ಕಡೆ ತಿರುಗಿದರು. ‘ಟ್ಯಾಕ್ಸಿ ಕರಿಯೋ.’

ಟ್ಯಾಕ್ಸಿ ಅವರನ್ನು ಹತ್ತಿಸಿಕೊಂಡು, ಆ ಸ್ಟಾಪಿನ ಮುಂದೆಯೇ ಹಾದು ಹೋಯಿತು. ಅಕ್ಕ ಸಪ್ಪೆ ಮುಖ ಮಾಡಿಕೊಂಡು ನೋಡುತ್ತಾ ನಿಂತಳು.

‘ಈ ಸಲ ನಿಜ ಹೇಳಿದ್ದೆ ಕಣೇ’ ಎಂದಳು.

‘ಅನುಭವಿಸು’ ಎಂದೆ ನಾನು.