ಟಗರಿನ ಮುಂದೆ ನಡೆಯುವ ಬೀರಯ್ಯ
ಬರ್ಮಾದ ಲಡಾಯಿಯಲ್ಲಿ ಟ್ಯಾಂಕು ಓಡಿಸಿ ನಿಜಾಮರ ಸೀಮೆಯ ತನ್ನೂರು ಮಕ್ತಲಿಗೆ ಮರಳಿದ ಕುರುಬರ ಬೀರಯ್ಯನಿಗೆ ತನ್ನನ್ನು ತಾನೇ ಆಡಿಕೊಳ್ಳದಿದ್ದರೆ ಗಂಟಲಲ್ಲಿ ಚಹಾ ಇಳಿಯದು. "ಟ್ಯಾಂಕಿನ ಮುಖ ಬಂಡೆಗಲ್ಲು, ಹೊಟ್ಟಿ ಮಾತ್ರ ನನ್ನಂಗ ಮೆತ್ತಗ್ರೀ. ಮಣ್ಣಾಗ ಹೂತಿಟ್ಟ ಬಾಂಬು ಅಲ್ಲೇ ಒದಿತೈತಿ. ಅದ್ಕ ನಾ ಯಾವಾಗ್ಲೂ ಮುಂದಿನ ಟ್ಯಾಂಕಿನ ಜಾಡು ಹಿಡಿದು ಹೋಗಾಂವ, ದೊಡ್ಡ ಬಹಾದ್ದೂರ!" ಎಂದು ಮೀಸೆ ತಿರುವುತ್ತಾನೆ. ಈಗಲೂ ಅಗೆದ ಮಣ್ಣು ಕಂಡರೆ ಸುತ್ತುಹಾಕಿಯೇ ಹೋಗುತ್ತಾನೆ. "ನಿಜಾಮರ ರಸ್ತಾದಾಗ ಯಾರ್ ಬಾಂಬ್ ಇಡ್ತಾರ್ರೀ?" ಎಂದು ಹೆಂಡತಿ ಪೆಂಟಮ್ಮ ನಕ್ಕರೆ ತಾನೂ ನಗುತ್ತಾನೆ. ಆದರೆ ಹೊಸ ಬಯಲಿಗೆ ಹೋಗುವಾಗ ಉಳಿದ ಕುರುಬರೆಲ್ಲ ಗಂಟೆ ಕಟ್ಟಿದ ಟಗರನ್ನು ಮುಂದೆ ಬಿಟ್ಟರೆ, ಇವನು ತನ್ನ ಟಗರನ್ನು ಹಿಂದಿಟ್ಟು ತಾನೇ ಮುಂದಾಗುತ್ತಾನೆ. ಆ ಟಗರಿನ ಹೆಸರು ಮೈಲಾರಿ. ಮುಂದಿನ ಟ್ಯಾಂಕಿನಲ್ಲಿದ್ದು ಬಾಂಬಿಗೆ ಬಲಿಯಾದ ಪಕ್ಕದೂರು ನಾರ್ವದ ಗೆಳೆಯನ ಹೆಸರೂ ಅದೇ. "ಈ ಸಲ ನೀ ನನ್ನ ಹಿಂದ ಬಾರೋ, ಮೈಲಾರಿ."