ಗೋದಾಮು ನೋಡದ ಡೈರೆಕ್ಟರು

ರಿಟೈರಾದ ಜನಾರ್ದನ ಮೇಷ್ಟ್ರು ಕಂಪನಿಯ ಡೈರೆಕ್ಟರಾದಾಗ ಆಲ್ದೂರಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟು, ಯಾರ ಮನೆಯಿಂದಲೂ ಒಂದು ಬಾಳೆಗೊನೆ ತೆಗೆದುಕೊಳ್ಳದ ಮನುಷ್ಯ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ಹೊಟ್ಟು ಬಿಡಿಸಿ ಹದಮಾಡುವ ಕ್ಯೂರಿಂಗ್ ಕಂಪನಿ ಇಟ್ಟಿದ್ದ ಯಶವಂತ ಗೌಡರಿಗೆ ಬೇಕಾಗಿದ್ದೂ ಅಂಥವರೇ. ಬೋರ್ಡಿನಲ್ಲಿ ಇದ್ದವರೆಲ್ಲ ಗೌಡರ ಭಾವ, ಭಾಮೈದಂದಿರು. ಹೊರಗಿನವರೊಬ್ಬರು ಇರಲೇಬೇಕೆಂದು ಸಾಲ ಕೊಟ್ಟ ಬ್ಯಾಂಕು ಪಟ್ಟು ಹಿಡಿದಿತ್ತು. ಮೇಷ್ಟ್ರಿಗೆ 'ಸ್ವತಂತ್ರ ನಿರ್ದೇಶಕರು' ಎಂದು ಕಾರ್ಡು ಬೇರೆ ಹೊಡೆಸಿಕೊಟ್ಟರು.

ಅದು ಎರಡು ಸಾವಿರದ ಒಂದನೇ ಇಸವಿ. ಕಾಫಿ ರೇಟು ನೆಲ ಕಚ್ಚಿತ್ತು. ಏರಿದ ಮೇಲೆ ಮಾರೋಣವೆಂದು ಸಣ್ಣ ಬೆಳೆಗಾರರೆಲ್ಲ ಮೂಟೆಗಳನ್ನು ಕಂಪನಿಯ ಗೋದಾಮಿನಲ್ಲಿ ಇಟ್ಟಿದ್ದರು. ಮೇಷ್ಟ್ರ ಹಳೆಯ ಶಿಷ್ಯ ರಜಬ್ ಅಲಿಯೂ ಎರಡು ವರ್ಷದ ಬೆಳೆ ತಂದು ಹಾಕಿದ. ಮಗಳು ಜೊಹರಾಳನ್ನು ನರ್ಸಿಂಗ್ ಓದಿಸುವ ಅವನ ಆಸೆಯೆಲ್ಲ ಆ ಮೂಟೆಗಳ ಮೇಲೇ ನಿಂತಿತ್ತು.

ಮೀಟಿಂಗು ಗೌಡರ ಬಂಗಲೆಯಲ್ಲೇ. ಮೇಷ್ಟ್ರಿಗೆಂದೇ ಬೇರೆ ಒಲೆಯಲ್ಲಿ ಬೇಯಿಸಿದ ಕಡುಬು, ಕಾಯಿಚಟ್ನಿ. ಉಂಡ ಮೇಲೆ, ಬೆಳೆಗಾರರ ಕಾಫಿ ಭದ್ರವಾಗಿದೆ ಎಂಬ ಕಾಗದಕ್ಕೆ ಸಹಿ. ಒಮ್ಮೆ ಮೇಷ್ಟ್ರು ಪೆನ್ನು ಹಿಡಿದು ತಡೆದರು.

"ಗೌಡ್ರೇ, ಗೋದಾಮಿನ ಒಳಗೆ ಒಂದ್ಸಲ ಹೋಗಿ ನೋಡ್ಬೋದಿತ್ತು."

ಗೌಡರು ರೇಗಲಿಲ್ಲ, ಮುಖ ಸಣ್ಣದು ಮಾಡಿಕೊಂಡರು. "ಅಯ್ಯೋ, ನಮ್ಮ ಮೇಲೇ ಅನುಮಾನವಾ ಮೇಷ್ಟ್ರೇ? ನಿಮ್ಮ ಸ್ಕೂಲಿಗೆ ಜಾಗ ಕೊಟ್ಟವ್ರು ನಮ್ಮಪ್ಪಯ್ಯ!"

"ಛೆ ಛೆ, ಹಾಗಲ್ಲ," ಎಂದು ಮೇಷ್ಟ್ರು ಸಹಿ ಹಾಕಿಬಿಟ್ಟರು. ಹಾಳು ದಾಕ್ಷಿಣ್ಯ! ಲೆಕ್ಕ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು, ಉಂಡ ಮನೆಯಲ್ಲಿ ಒಂದು ಬೀಗದ ಕೈ ಕೇಳಲಾರದೆ ಹೋದರು. ಹೊರಗಿನವರನ್ನು ಒಳಗೆ ಕೂರಿಸುವುದು ಮತ್ತೆ ಯಾತಕ್ಕೆ ಮಾರಾಯ್ರೇ, ಕಡುಬು ತಿನ್ನಲಿಕ್ಕಾ?

ಮುಂದಿನ ವರ್ಷ ಕಂಪನಿ ಮುಳುಗಿತು. ಬ್ಯಾಂಕಿನವರು ಬೀಗ ಒಡೆಸಿದರೆ, ಬಾಗಿಲ ಬಳಿಯ ಎರಡು ಸಾಲು ಮೂಟೆಗಳಲ್ಲಷ್ಟೇ ಕಾಫಿ. ಹಿಂದೆ ಸೂರಿನ ತನಕ ಪೇರಿಸಿದ್ದು ಬರೀ ಹೊಟ್ಟಿನ ಚೀಲ. ಬೆಳೆಗಾರರ ಕಾಫಿಯನ್ನು ಗೌಡರು ಯಾವತ್ತೋ ಮಾರಿಕೊಂಡಿದ್ದರು.

ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ವಾರದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ರಜಬ್ ಅಲಿ ಕಣ್ಣಿಗೆ ಬಿದ್ದ. ಉಗಿಯುತ್ತಾನೆ ಎಂದುಕೊಂಡರು, ಅವನು ಎಂದಿನಂತೆ ಬೀಡಿ ಬಿಸಾಡಿ ಎದ್ದು ನಿಂತ.

"ಜೊಹರಾ ಓದು?"

"ಬಿಡಿಸ್ದೆ ಸಾರ್. ಟೈಲರಿಂಗಿಗೆ ಹೋಗ್ತಾಳೆ."

"ನಾನು ಒಳಗೆ ಹೋಗಿ ನೋಡ್ಬೇಕಿತ್ತು ಕಣೋ."

ರಜಬ್ ಅಲಿ ನೆಲ ನೋಡಿದ. "ನಾವೂ ನಾಲ್ಕು ಜನ ಹೋಗಿ ನೋಡೋಣ ಅಂತಿದ್ವಿ ಸಾರ್. ನೀವಿದೀರಲ್ಲ, ನೋಡಿರ್ತೀರಿ ಅಂತ ಸುಮ್ನಾದ್ವಿ."

ಬಸ್ಸು ಬಂತು. ಮೇಷ್ಟ್ರು ಹತ್ತಲಿಲ್ಲ. ಅವನೇ ರಟ್ಟೆ ಹಿಡಿದು ಹತ್ತಿಸಿದ.